ಲಿಫ್ಟರ್ ಸದ್ದು: ಎಂಜಿನ್ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಬೈಕ್ ಎಂಜಿನ್‌ನಿಂದ ‘ಟಕಟಕ’ ಸದ್ದು ಶುರುವಾದರೆ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಹೆಲ್ಮೆಟ್ ಹಾಕಿಕೊಂಡರೆ ಕೇಳಿಸುವುದಿಲ್ಲ ಎಂದು ಸುಮ್ಮನಾಗುತ್ತಾರೆ. ಇಲ್ಲವೇ ಗಟ್ಟಿ ಆಯಿಲ್ ತುಂಬಿಸಿ ಸದ್ದಿನ ಬಾಯಿ ಮುಚ್ಚಿಸುತ್ತಾರೆ. ಲಿಫ್ಟರ್ ಹಾಳಾಗಿದ್ದರೆ ಎರಡೂ ದುಬಾರಿಯೇ. ಲಿಫ್ಟರ್ ಒಂದು ಸಣ್ಣ ಬಿಡಿಭಾಗ; ಆದರೆ ಅದು ಕೆಡುವಾಗ ಕ್ಯಾಮ್‌ಶಾಫ್ಟನ್ನೂ ಆಯಿಲ್ ಪಂಪನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ.

ಕೆಲಸ ಹೀಗಿದೆ. ಕ್ಯಾಮ್‌ನ ಉಬ್ಬು ಲಿಫ್ಟರನ್ನು ಮೇಲಕ್ಕೆತ್ತುತ್ತದೆ, ಲಿಫ್ಟರ್ ಪುಶ್‌ರಾಡನ್ನು ತಳ್ಳುತ್ತದೆ, ಪುಶ್‌ರಾಡ್ ರಾಕರ್ ಆರ್ಮ್ ಮೂಲಕ ವಾಲ್ವನ್ನು ತೆರೆಯುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಕ್ಯಾಮ್ ಅದರ ಅರ್ಧ, ಅಂದರೆ 1,500 ಸುತ್ತು ತಿರುಗುತ್ತದೆ. ಹಾಗಾಗಿ ಒಂದೊಂದು ಲಿಫ್ಟರ್ ಸೆಕೆಂಡಿಗೆ 25 ಬಾರಿ ಏರಿ ಇಳಿಯುತ್ತದೆ. ಹೈಡ್ರಾಲಿಕ್ ಲಿಫ್ಟರ್‌ನೊಳಗೆ ಒಂದು ಪ್ಲಂಜರ್, ಒಂದು ಸಣ್ಣ ಸ್ಪ್ರಿಂಗ್, ಆಯಿಲ್ ಹಿಂದಕ್ಕೆ ಹೋಗದಂತೆ ತಡೆಯುವ ಒಂದು ಪುಟ್ಟ ಕವಾಟ ಇರುತ್ತವೆ. ಪಂಪ್ ಒತ್ತಡದಲ್ಲಿ ಬಂದ ಆಯಿಲ್ ಒಳಗೆ ತುಂಬಿ, ವಾಲ್ವ್ ಸಾಲಿನಲ್ಲಿ ಎಲ್ಲೂ ಸಡಿಲ ಉಳಿಯದಂತೆ ನೋಡಿಕೊಳ್ಳುತ್ತದೆ. ಪ್ಲಂಜರ್‌ಗೂ ಅದರ ಗೋಡೆಗೂ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಕಿರಿದು. ಅಲ್ಲಿಗೆ ಕೊಳೆ ಹೊಕ್ಕರೆ ಪ್ಲಂಜರ್ ಸಿಕ್ಕಿಕೊಳ್ಳುತ್ತದೆ, ಗಾಳಿ ಹೊಕ್ಕರೆ ಕುಸಿಯುತ್ತದೆ.

ಲಿಫ್ಟರ್‌ನ ಆಯುಷ್ಯ ಇರುವುದೇ ಆಯಿಲ್‌ನಲ್ಲಿ. ಹಾರ್ಲೆ-ಡೇವಿಡ್‌ಸನ್ 1948ರ ‘ಪ್ಯಾನ್‌ಹೆಡ್’ ಎಂಜಿನ್‌ನಲ್ಲಿ ಹೈಡ್ರಾಲಿಕ್ ಲಿಫ್ಟರ್ ತಂದಾಗ ಅದನ್ನು ಪುಶ್‌ರಾಡ್‌ನ ಮೇಲ್ತುದಿಯಲ್ಲಿ ಕೂರಿಸಿತ್ತು. ಅಷ್ಟು ಎತ್ತರಕ್ಕೆ ಆಯಿಲ್ ಒತ್ತಡ ಸರಿಯಾಗಿ ಮುಟ್ಟುತ್ತಿರಲಿಲ್ಲ. ಕೊನೆಗೆ 1953ರಲ್ಲಿ ಅದನ್ನು ಕೆಳಕ್ಕೆ, ಕ್ಯಾಮ್ ಪಕ್ಕಕ್ಕೆ ಇಳಿಸಬೇಕಾಯಿತು.

ಆ ಕಂಪನಿಯ ದೊಡ್ಡ ವಿ-ಟ್ವಿನ್‌ಗಳಲ್ಲಿ (ಎರಡು ಸಿಲಿಂಡರ್ ‘ವಿ’ ಆಕಾರದಲ್ಲಿರುವ ಎಂಜಿನ್), ರಾಯಲ್ ಎನ್‌ಫೀಲ್ಡ್‌ನ ಯುಸಿಇ (ಎಂಜಿನ್, ಗಿಯರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಎಂಜಿನ್‌ಗಳಲ್ಲಿ ಹೈಡ್ರಾಲಿಕ್ ಲಿಫ್ಟರ್ ಇದೆ. ಸ್ಕ್ರೂ ಅಥವಾ ಶಿಮ್ (ತೆಳು ಲೋಹದ ಬಿಲ್ಲೆ) ಮೂಲಕ ಟ್ಯಾಪೆಟ್ ಸಂದು, ಅಂದರೆ ವಾಲ್ವ್ ಸಾಲಿನಲ್ಲಿ ಬೇಕೆಂದೇ ಬಿಡುವ ಸಣ್ಣ ಅಂತರ ಹೊಂದಿಸುವ ಎಂಜಿನ್ ನಿಮ್ಮದಾದರೆ ಈ ಲೇಖನದ ಬಹುಭಾಗ ನಿಮಗಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಅಂಥ ಎಂಜಿನ್‌ನಲ್ಲಿ ಟ್ಯಾಪೆಟ್ ಸದ್ದು ಮಾಡಿದರೆ ಸಂದು ಹೆಚ್ಚಾಗಿದೆ ಎಂದರ್ಥ, ಅದನ್ನು ಸರಿಪಡಿಸಬಹುದು. ಸಂದೇ ಇಲ್ಲದಷ್ಟು ಬಿಗಿಯಾದ ವಾಲ್ವ್ ಸದ್ದಿಲ್ಲದೆ ಸುಟ್ಟುಹೋಗುತ್ತದೆ. ಕೈಪಿಡಿ ಹೇಳಿದ ಅವಧಿಗೆ, ಎಂಜಿನ್ ತಣ್ಣಗಿರುವಾಗ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಹಾಕಿ ಅಳೆಯುವುದನ್ನು ತಪ್ಪಿಸಬೇಡಿ.

ಮೊದಲು ಕಿವಿ

ರಾತ್ರಿಯೆಲ್ಲ ನಿಂತ ಬೈಕನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಕೆಲವು ಸೆಕೆಂಡು ಟಕಟಕ ಎಂದು ಆಮೇಲೆ ನಿಂತರೆ ಗಾಬರಿ ಬೇಡ. ತೆರೆದ ಸ್ಥಿತಿಯಲ್ಲಿ ನಿಂತಿದ್ದ ವಾಲ್ವ್‌ನ ಸ್ಪ್ರಿಂಗ್ ತನ್ನ ಲಿಫ್ಟರನ್ನು ಒತ್ತುತ್ತಲೇ ಇದ್ದು, ಒಳಗಿನ ಆಯಿಲ್ ನಿಧಾನವಾಗಿ ಸೋರಿರುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಸದ್ದು ಉಳಿದರೆ, ಅಥವಾ ಬಿಸಿಯಾದ ಮೇಲೆಯೇ ಶುರುವಾದರೆ, ಹುಡುಕಲು ಹೊರಡಬೇಕು.

ಎಲ್ಲ ಟಕಟಕವೂ ಲಿಫ್ಟರ್‌ನದಲ್ಲ. ಸೈಲೆನ್ಸರ್ ಪೈಪ್ ಎಂಜಿನ್‌ಗೆ ಸೇರುವಲ್ಲಿ ಗ್ಯಾಸ್ಕೆಟ್ ಸೋರಿದರೂ ಹೆಚ್ಚುಕಡಿಮೆ ಇದೇ ಸದ್ದು ಬರುತ್ತದೆ. ಆದರೆ ಅಲ್ಲಿ ಕಪ್ಪು ಮಸಿಯ ಗುರುತು ಇರುತ್ತದೆ, ಎಂಜಿನ್ ಬಿಸಿಯಾಗುತ್ತಿದ್ದಂತೆ ಸದ್ದು ಕಡಿಮೆಯಾಗುವುದೂ ಉಂಟು. ಫ್ಯುಯೆಲ್ ಇಂಜೆಕ್ಟರ್ ಕೂಡ ಟಿಕಟಿಕ ಎನ್ನುತ್ತದೆ, ಅದು ಅದರ ಸಹಜ ಸ್ವಭಾವ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಲಿಫ್ಟರ್ ಇರುವ ಜಾಗದ ಹೊರಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ತಾಗಿಸಿ ಕೇಳಿ. ಒಂದೊಂದೇ ಲಿಫ್ಟರ್‌ನ ಬಳಿ ಹೋಲಿಸಿ ನೋಡಿದರೆ ತಪ್ಪಿತಸ್ಥ ಸಾಮಾನ್ಯವಾಗಿ ಬೇರೆಯಾಗಿಯೇ ಕೇಳಿಸುತ್ತದೆ. ತೋಳು, ಸಡಿಲ ಬಟ್ಟೆ ಬಿಸಿ ಪೈಪ್‌ಗೆ ತಾಗದಂತೆ ನೋಡಿಕೊಳ್ಳಿ.

ಆಮೇಲೆ ಆಯಿಲ್

ಕೈಪಿಡಿ ಹೇಳಿದ ರೀತಿಯಲ್ಲಿಯೇ ಮಟ್ಟ ನೋಡಿ. ಕೆಲವು ಬೈಕ್‌ಗಳಲ್ಲಿ ಎಂಜಿನ್ ಬಿಸಿಯಿರುವಾಗ ನೇರವಾಗಿ ನಿಲ್ಲಿಸಿ ನೋಡಬೇಕು, ಕೆಲವದರಲ್ಲಿ ಪಕ್ಕದ ಸ್ಟ್ಯಾಂಡ್ ಮೇಲೆ. ಮಟ್ಟ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ, ಹೆಚ್ಚಾದರೆ ಒಳಗೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ. ಆಯಿಲ್ ಕುಗ್ಗುವುದಿಲ್ಲ, ನೊರೆ ಕುಗ್ಗುತ್ತದೆ. ಎರಡೂ ಸಂದರ್ಭದಲ್ಲಿ ಲಿಫ್ಟರ್ ಮೆತ್ತಗಾಗಿ ಸದ್ದು ಮಾಡುತ್ತದೆ. ಗ್ರೇಡ್ ವಿಷಯದಲ್ಲೂ ಅಷ್ಟೇ. 20ಡಬ್ಲ್ಯು-50 ಕೇಳುವ ಎಂಜಿನ್‌ಗೆ ಅದನ್ನೇ ಹಾಕಿ. ಗಟ್ಟಿ ಆಯಿಲ್ ಹಾಕಿ ಸದ್ದು ಅಡಗಿಸುವುದು ರೋಗಿಗೆ ನಿದ್ದೆ ಮಾತ್ರೆ ಕೊಟ್ಟಂತೆ.

ಸಾಧ್ಯವಿದ್ದರೆ ಎಂಜಿನ್ ಬಿಸಿಯಿರುವಾಗ, ಐಡಲ್‌ನಲ್ಲಿ, ಗೇಜ್ ಹಾಕಿ ಆಯಿಲ್ ಒತ್ತಡ ಅಳೆಯಿರಿ. ಒತ್ತಡವೇ ಕಡಿಮೆಯಿದ್ದರೆ ಹೊಸ ಲಿಫ್ಟರ್ ಹಾಕಿಯೂ ಪ್ರಯೋಜನವಿಲ್ಲ. ಪಂಪ್, ಅದರ ಒತ್ತಡ ನಿಯಂತ್ರಿಸುವ ಕವಾಟ, ಓ-ರಿಂಗ್‌ಗಳನ್ನು ಮೊದಲು ನೋಡಬೇಕು.

ಲೋಹ ಇದೆಯೇ?

ಇಡೀ ತಪಾಸಣೆಯಲ್ಲಿ ಅತಿ ಮುಖ್ಯ ಘಟ್ಟ ಇದು. ಹಲವು ಎಂಜಿನ್‌ಗಳಲ್ಲಿ ಲಿಫ್ಟರ್‌ನ ಬುಡದಲ್ಲಿ ಒಂದು ರೋಲರ್ ಇರುತ್ತದೆ, ಅದರೊಳಗೆ ಸೂಜಿ ಬೇರಿಂಗ್. ಪ್ಲಂಜರ್ ಕೆಟ್ಟರೆ ಸದ್ದು ಬರುತ್ತದೆ. ಸೂಜಿ ಬೇರಿಂಗ್ ಕೆಡುವಾಗ ತುಂಬ ತಡವಾಗುವವರೆಗೂ ಸದ್ದೇ ಬಾರದಿರಬಹುದು. ರೋಲರ್ ತಿರುಗುವುದು ನಿಂತ ಮೇಲೆ ಅದು ಕ್ಯಾಮ್ ಮೇಲೆ ಉಜ್ಜುತ್ತಾ ಹೋಗುತ್ತದೆ.

ಹಳೆಯ ಆಯಿಲನ್ನು ಸ್ವಚ್ಛ ತಟ್ಟೆಗೆ ಇಳಿಸಿ, ಅದರಲ್ಲಿ ಅಯಸ್ಕಾಂತ ಆಡಿಸಿ. ಡ್ರೈನ್ ಬೋಲ್ಟ್‌ನ ಅಯಸ್ಕಾಂತಕ್ಕೆ ನುಣುಪಾದ ಬೂದು ಲೇಪ ಅಂಟಿರುವುದು ಸಹಜ ಸವೆತ. ಬೆರಳ ತುದಿಯಲ್ಲಿ ಉಜ್ಜಿದಾಗ ಚುಚ್ಚುವ ಚೂರು, ಬಿಸಿಲಲ್ಲಿ ಮಿನುಗುವ ಹಾಳೆಯಂಥ ಸಿಪ್ಪೆ ಕಂಡರೆ ಅದು ಬೇರೆ ಕಥೆ. ಫಿಲ್ಟರನ್ನೂ ಕತ್ತರಿಸಿ ನೋಡಿ. ಗರಗಸ ಬೇಡ, ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಫಿಲ್ಟರ್ ಕಟರ್ ಬಳಸಿ. ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಆಯಿಲ್ ಹಿಂಡಿ, ಬೆಳಕಿಗೆ ಹಿಡಿಯಿರಿ. ಗಟ್ಟಿಯಾದ ತೆಳು ಉಕ್ಕಿನ ಕಡ್ಡಿ ಅಥವಾ ಅದರ ತುಂಡು ಸಿಕ್ಕಿದರೆ ಅದು ಸೂಜಿ ಬೇರಿಂಗ್. ಆಮೇಲೆ ಆ ಬೈಕನ್ನು ಒಂದು ಕಿಲೋಮೀಟರ್ ಕೂಡ ಓಡಿಸಬಾರದು, ಗ್ಯಾರೇಜ್‌ಗೂ ಸಾಗಿಸಿಕೊಂಡೇ ಹೋಗಬೇಕು.

ಲೋಹ ಇಲ್ಲ, ಒತ್ತಡ ಸರಿಯಿದೆ ಎಂದಾದರೆ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಕೆಲವು ದಿನ ಎಂಜಿನ್ ಪೂರ್ತಿ ಬಿಸಿಯಾಗುವಂತೆ ಓಡಿಸಿ ನೋಡಿ. ಜಿಡ್ಡುಗಟ್ಟಿ ಸಿಕ್ಕಿಕೊಂಡ ಪ್ಲಂಜರ್ ಎಷ್ಟೋ ಬಾರಿ ಬಿಡಿಸಿಕೊಳ್ಳುತ್ತದೆ.

ಬಿಚ್ಚಲೇಬೇಕಾದರೆ

ಕೈಪಿಡಿ, ಟಾರ್ಕ್ ರೆಂಚ್, ಹೊಸ ಗ್ಯಾಸ್ಕೆಟ್‌ಗಳು ಕೈಯಲ್ಲಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಮೇಲಿನ ಗಿಯರ್ ಹಾಕಿ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಪ್ಲಗ್ ರಂಧ್ರಕ್ಕೆ ಬೆರಳಿಟ್ಟಾಗ ಗಾಳಿ ಹೊರಗೆ ಒತ್ತುತ್ತಾ ಪಿಸ್ಟನ್ ಮೇಲಕ್ಕೆ ಬಂದರೆ ಅದು ಕಂಪ್ರೆಷನ್ ಸುತ್ತು. ಪಿಸ್ಟನ್ ತುತ್ತತುದಿಗೆ ಬಂದಲ್ಲಿ ನಿಲ್ಲಿಸಿ. ಆ ಸಿಲಿಂಡರ್‌ನ ಎರಡೂ ವಾಲ್ವ್‌ಗಳು ಮುಚ್ಚಿರುತ್ತವೆ, ಪುಶ್‌ರಾಡ್‌ಗಳ ಮೇಲೆ ಭಾರ ಇರುವುದಿಲ್ಲ.

ತೆಗೆದ ಪ್ರತಿ ಪುಶ್‌ರಾಡ್‌ಗೂ ಯಾವ ಸಿಲಿಂಡರ್‌ನದು, ಇನ್‌ಟೇಕೋ ಎಕ್ಸಾಸ್ಟೋ, ಮೇಲ್ತುದಿ ಯಾವುದು ಎಂದು ಗುರುತು ಹಾಕಿ. ಕೆಲವು ಎಂಜಿನ್‌ಗಳಲ್ಲಿ ಎರಡರ ಉದ್ದವೂ ಬೇರೆ. ಲಿಫ್ಟರನ್ನು ಅಯಸ್ಕಾಂತದಿಂದ ಮೇಲಕ್ಕೆಳೆಯಿರಿ. ಇಕ್ಕಳ ಹಾಕಿದರೆ ಗೀರು ಬೀಳುತ್ತದೆ. ಹೊರಬಂದ ರೋಲರನ್ನು ಹೆಬ್ಬೆರಳಿನಿಂದ ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಒಂದು ಕಡೆ ತಡೆದಂತಾದರೆ, ಮರಳು ಸಿಕ್ಕಿದಂತೆ ಕಿರುಗುಟ್ಟಿದರೆ, ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದಾಗ ಕದಲಿದರೆ ಅದರ ಕೆಲಸ ಮುಗಿದಿದೆ. ಪಕ್ಕಕ್ಕೆ ಸ್ವಲ್ಪ ಆಡುವುದು ದೋಷವಲ್ಲ. ನಂತರ ಟಾರ್ಚ್ ಬಿಟ್ಟು ಕ್ಯಾಮ್‌ನ ಉಬ್ಬು ನೋಡಿ. ಅಲ್ಲಿ ಗುಳಿ, ಗೆರೆ ಕಂಡರೆ ಕ್ಯಾಮ್ ಕೂಡ ಬದಲಾಗಬೇಕು. ಹಾಳಾದ ಕ್ಯಾಮ್ ಮೇಲೆ ಹೊಸ ಲಿಫ್ಟರ್ ಕೂರಿಸುವುದು ಹಣ ಸುಡುವ ಕೆಲಸ.

ಒಂದು ಕೆಟ್ಟಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದವೂ ಅಷ್ಟೇ ದೂರ ಓಡಿವೆ, ಅದೇ ಆಯಿಲ್ ಕುಡಿದಿವೆ.

ಹೊಸ ಲಿಫ್ಟರ್‌ಗಳನ್ನು ಶುದ್ಧ ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಟ್ಟು, ಕೈಪಿಡಿ ತೋರಿಸಿದ ದಿಕ್ಕಿನಲ್ಲಿ ಕೂರಿಸಿ. ಅವು ತಿರುಗದಂತೆ ತಡೆಯುವ ಪಿನ್ ಮರೆತರೆ ರೋಲರ್ ಅಡ್ಡ ತಿರುಗಿ ಕ್ಯಾಮನ್ನೇ ತಿಂದುಹಾಕುತ್ತದೆ. ಉದ್ದ ಹೊಂದಿಸಬಹುದಾದ ಪುಶ್‌ರಾಡ್ ಹಾಕುವುದಾದರೆ, ಮೊದಲು ಸಡಿಲ ಹೋಗುವಷ್ಟು ಮಾತ್ರ ಉದ್ದ ಮಾಡಿ. ಅಲ್ಲಿಂದ ತಯಾರಕರು ಹೇಳಿದಷ್ಟು ಪ್ಲಂಜರನ್ನು ಒಳಕ್ಕೆ ಒತ್ತಬೇಕು. ಎಷ್ಟು ಸುತ್ತು ಎಂಬುದು ಪುಶ್‌ರಾಡ್‌ನ ಮರೆಯ (ಸ್ಕ್ರೂ ಥ್ರೆಡ್‌ನ) ಮೇಲೆ ನಿಂತಿದೆ. ಇಂಚಿಗೆ 24 ಮರೆ ಇದ್ದರೆ ಒಂದು ಸುತ್ತಿಗೆ ಸುಮಾರು 1.06 ಮಿ.ಮೀ., 32 ಇದ್ದರೆ 0.79 ಮಿ.ಮೀ. ಹಾಗಾಗಿ 2.5 ಮಿ.ಮೀ. ಒತ್ತಲು ಮೊದಲನೆಯದಕ್ಕೆ ಎರಡೂವರೆ ಸುತ್ತಿಗೆ ಕೊಂಚ ಕಡಿಮೆ, ಎರಡನೆಯದಕ್ಕೆ ಮೂರು ಸುತ್ತಿಗೆ ಕೊಂಚ ಹೆಚ್ಚು ಬೇಕು. ಇನ್ನೊಬ್ಬರ ಬೈಕ್‌ನ ಸುತ್ತಿನ ಲೆಕ್ಕವನ್ನು ನಿಮ್ಮದಕ್ಕೆ ತರಬೇಡಿ.

ಇಲ್ಲಿ ಅವಸರ ಮಾಡಿದವರು ವಾಲ್ವ್ ಬಗ್ಗಿಸಿಕೊಂಡಿದ್ದಾರೆ. ಆಯಿಲ್ ತುಂಬಿದ ಲಿಫ್ಟರ್ ಒತ್ತಿದ ಕೂಡಲೇ ಕುಗ್ಗುವುದಿಲ್ಲ. ಅಷ್ಟು ಹೊತ್ತೂ ವಾಲ್ವ್ ತೆರೆದೇ ಇರುತ್ತದೆ. ಆಗ ಎಂಜಿನ್ ತಿರುಗಿಸಿದರೆ ಪಿಸ್ಟನ್ ಬಂದು ಬಡಿಯಬಹುದು. ಎರಡೂ ಪುಶ್‌ರಾಡ್‌ಗಳು ಬೆರಳಿನಲ್ಲಿ ಸರಾಗವಾಗಿ ತಿರುಗುವವರೆಗೆ ಕಾಯಿರಿ. ಹತ್ತು ನಿಮಿಷವೂ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಅದಾದ ಮೇಲೆಯೇ ಮುಂದಿನ ಸಿಲಿಂಡರ್.

ಎಲ್ಲ ಮುಗಿದ ಮೇಲೆ ಎಂಜಿನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲೂ ತಡೆಯದಿದ್ದರೆ, ಪ್ಲಗ್ ಇಲ್ಲದೆ, ಕೈಪಿಡಿ ಹೇಳಿದಂತೆ ಇಂಧನ ಮತ್ತು ಇಗ್ನಿಷನ್ ನಿಲ್ಲಿಸಿ, ಆಯಿಲ್ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರ್‌ನಲ್ಲಿ ಬಿಟ್ಟುಬಿಟ್ಟು ತಿರುಗಿಸಿ. ಪ್ಲಗ್ ಹಾಕಿ ಚಾಲೂ ಮಾಡಿದಾಗ ಮೊದಲ ಕೆಲವು ನಿಮಿಷ ಟಕಟಕ ಇರುವುದು ಸಾಮಾನ್ಯ.

ಮತ್ತೆ ಕೆಡದಂತೆ

ಅವಧಿಗೆ ಸರಿಯಾಗಿ ಆಯಿಲ್ ಬದಲಿಸುವುದಕ್ಕಿಂತ ದೊಡ್ಡ ಉಪಾಯವಿಲ್ಲ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಬೈಕ್‌ನಲ್ಲಿ ನೀರಿನ ಪಸೆ ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತದೆ. ಅಂಥದ್ದಕ್ಕೆ ಕಿಲೋಮೀಟರ್ ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ ಬದಲಿಸಿ. ಚಾಲೂ ಮಾಡಿದ ತಕ್ಷಣ ಆಕ್ಸಲರೇಟರ್ ತಿರುವಬೇಡಿ. ಗಾಳಿಯಿಂದ ತಣಿಯುವ ಎಂಜಿನನ್ನು ನಿಂತಲ್ಲೇ ಬಹಳ ಹೊತ್ತು ಐಡಲ್‌ನಲ್ಲಿ ಬಿಡುವುದೂ ಒಳ್ಳೆಯದಲ್ಲ: ಆಯಿಲ್ ಕಾದು ತೆಳುವಾಗುತ್ತದೆ, ಒತ್ತಡವೂ ಇಳಿದಿರುತ್ತದೆ. ಹೆಚ್ಚು ಎತ್ತುವ ಕ್ಯಾಮ್, ಬಲವಾದ ವಾಲ್ವ್ ಸ್ಪ್ರಿಂಗ್ ಹಾಕಿಸಿದವರು ಅವುಗಳ ಭಾರ ತಡೆಯುವ ಲಿಫ್ಟರನ್ನೂ ಹಾಕಿಸಲಿ.

ಲೋಹ ಸಿಕ್ಕಿ ರಿಪೇರಿ ಆಗಿದ್ದರೆ ಮೊದಲ ಆಯಿಲ್ ಬದಲಾವಣೆಗೆ ಪೂರ್ತಿ ಅವಧಿ ಕಾಯಬೇಡಿ. ಕೆಲವು ನೂರು ಕಿಲೋಮೀಟರ್‌ಗೇ ಫಿಲ್ಟರ್ ತೆಗೆದು ಮತ್ತೆ ಕತ್ತರಿಸಿ. ಮೊದಲ ಬಾರಿ ತೊಳೆದುಹೋಗದ ಹಳೆಯ ಪುಡಿ ಸ್ವಲ್ಪ ಇರಬಹುದು. ಹೊಳೆಯುವ ಹೊಸ ಸಿಪ್ಪೆ ಕಂಡರೆ ಆಯಿಲ್ ಪಂಪನ್ನು ಹೊರತೆಗೆದು, ಅದರ ಗೋಡೆಯ ಮೇಲೆ ಗೀರು ಬಿದ್ದಿದೆಯೇ ಎಂದು ಉಗುರಾಡಿಸಿ ನೋಡಿ.