ಗಡಿಯ ಸುದ್ದಿಯನ್ನು ವಲಸೆ ನೀತಿಯ ಜೊತೆಗಿಟ್ಟು ಓದುವುದು ಹೇಗೆ

ಗಡಿಯಲ್ಲಿ ಬೇಲಿ ಹಾಕಿದರು, ನುಸುಳುಕೋರರನ್ನು ಹಿಡಿದರು ಎಂಬ ಸುದ್ದಿ ಬಂದಾಗ, ಆ ಗಡಿಯನ್ನು ಯಾರು ಯಾವ ದಾಖಲೆ ತೋರಿಸಿ ದಾಟಬಹುದು ಎಂಬ ನಿಯಮವನ್ನು ಮೊದಲು ಹುಡುಕಿ. ಒಂದೇ ದೇಶವಾದರೂ ಗಡಿ ಬದಲಾದಂತೆ ಈ ನಿಯಮ ಬದಲಾಗುತ್ತದೆ. ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿ ಕಾವಲು ಕಾಯುವ ನೇಪಾಳಿಗಳಿಗೆ ವೀಸಾ ಬೇಕಿಲ್ಲ. 1950ರ ಭಾರತ–ನೇಪಾಳ ಒಪ್ಪಂದ ಎರಡೂ ದೇಶದವರಿಗೆ ಪರಸ್ಪರರ ನೆಲದಲ್ಲಿ ವಾಸಿಸುವ, ದುಡಿಯುವ, ಓಡಾಡುವ ಅವಕಾಶ ಕೊಟ್ಟಿದೆ. ಆದ್ದರಿಂದಲೇ ನೇಪಾಳದ ಗಡಿಯಲ್ಲಿ ನಿಂತಿರುವ ಸಶಸ್ತ್ರ ಸೀಮಾ ಬಲದ ಗಮನವೆಲ್ಲ ಕಳ್ಳಸಾಗಣೆ, ಮಾನವ ಸಾಗಣೆ ಮತ್ತು ಮೂರನೆಯ ದೇಶದವರ ಮೇಲಿರುತ್ತದೆ.

ಬಾಂಗ್ಲಾದೇಶದ ಗಡಿಗೆ ಬಂದರೆ ಪಾಸ್‌ಪೋರ್ಟ್, ವೀಸಾ, ಗಡಿ ಭದ್ರತಾ ಪಡೆ, ತಂತಿಬೇಲಿ ಎಲ್ಲವೂ ಇವೆ. ಇಲ್ಲಿ ಬೇಲಿ ಎಲ್ಲಿದೆ ಎಂಬುದನ್ನು ತಪ್ಪದೆ ಗಮನಿಸಿ. ಗಡಿರೇಖೆಯಿಂದ 150 ಗಜದೊಳಗೆ ರಕ್ಷಣಾ ಕಟ್ಟಡಗಳನ್ನು ಕಟ್ಟಬಾರದೆಂದು 1975ರಲ್ಲಿ ಎರಡೂ ದೇಶಗಳು ಒಪ್ಪಿಕೊಂಡಿದ್ದರಿಂದ, ಭಾರತದ ಬೇಲಿ ಬಹುಪಾಲು ಭಾರತದ ನೆಲದ ಒಳಗೇ ಸಾಗುತ್ತದೆ. ಬೇಲಿಯಾಚೆ ಉಳಿದ ಹೊಲಕ್ಕೆ ಹೋಗುವ ಪಶ್ಚಿಮ ಬಂಗಾಳದ ರೈತ ಗೇಟಿನಲ್ಲಿ ತನ್ನ ಗುರುತಿನ ಚೀಟಿಯನ್ನು ಒಪ್ಪಿಸಿ, ಗೇಟು ಮುಚ್ಚುವ ಹೊತ್ತಿಗೆ ಹಿಂತಿರುಗಬೇಕಾಗುತ್ತದೆ. ವಲಸೆ ತಡೆಯುವ ನೀತಿಯ ಭಾರ ಮೊದಲು ಬೀಳುವುದು ಎಲ್ಲಿಗೂ ವಲಸೆ ಹೋಗದ ಈ ಮನುಷ್ಯನ ಮೇಲೆ ಎಂಬುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ಅನಂತರ ದಿನಾಂಕಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. 2019ರ ಡಿಸೆಂಬರ್ 11ರಂದು, ಬಾಂಗ್ಲಾದೇಶ ಸೇರಿ ಮೂರು ನೆರೆದೇಶಗಳಿಂದ ಬಂದ ಮುಸ್ಲಿಮೇತರ ವಲಸಿಗರಿಗೆ ಪೌರತ್ವದ ದಾರಿ ಸುಲಭಗೊಳಿಸುವ ಪೌರತ್ವ ತಿದ್ದುಪಡಿ ಮಸೂದೆಗೆ ರಾಜ್ಯಸಭೆಯ ಒಪ್ಪಿಗೆ ಸಿಕ್ಕಿತು; ಮರುದಿನ ಬಾಂಗ್ಲಾದೇಶದ ವಿದೇಶಾಂಗ ಸಚಿವರು ಭಾರತ ಭೇಟಿಯನ್ನು ರದ್ದುಪಡಿಸಿದರು. ಹೇಳಿದ ಕಾರಣ ಬೇರೆಯಿದ್ದರೂ ದಿನಾಂಕಗಳ ಸಾಮೀಪ್ಯವನ್ನು ಕಡೆಗಣಿಸಲಾಗದು. 2025ರ ಜನವರಿಯಲ್ಲಿ ಬೇಲಿ ಕಾಮಗಾರಿಯ ವಿಚಾರವಾಗಿಯೇ ಢಾಕಾ ಭಾರತದ ಹೈಕಮಿಷನರ್ ಅವರನ್ನು ಕರೆಸಿಕೊಂಡಿತು. ಇದಕ್ಕೆ ವ್ಯತಿರಿಕ್ತವಾಗಿ 2015ರ ಜುಲೈ 31ರ ಮಧ್ಯರಾತ್ರಿಯನ್ನೂ ನೆನಪಿಡಿ: ಅಂದು ಭಾರತ ಮತ್ತು ಬಾಂಗ್ಲಾದೇಶದ ನಡುವೆ 162 ಎನ್‌ಕ್ಲೇವ್‌ಗಳು (ಒಂದು ದೇಶದ ನೆಲದೊಳಗೆ ಸಿಲುಕಿದ್ದ ಇನ್ನೊಂದು ದೇಶದ ತುಂಡು ಪ್ರದೇಶಗಳು) ಕೈಬದಲಾದವು, ಅಲ್ಲಿನ ನಿವಾಸಿಗಳಿಗೆ ಯಾವ ದೇಶದ ಪ್ರಜೆಯಾಗಬೇಕೆಂದು ಆರಿಸಿಕೊಳ್ಳುವ ಹಕ್ಕು ದೊರೆಯಿತು. ನೆರೆಯ ದೇಶದೊಡನೆ ಮಾತುಕತೆ ನಡೆಸಿಯೇ ಗಡಿಯನ್ನು ಅಷ್ಟು ಸ್ಪಷ್ಟಗೊಳಿಸಲು ಸಾಧ್ಯವಾಯಿತು.

ದೆಹಲಿಯ ಆದೇಶವನ್ನಷ್ಟೇ ಓದಿ ನಿಲ್ಲಿಸಬೇಡಿ. ಗಡಿ ರಾಜ್ಯ ಏನು ಹೇಳುತ್ತದೆ ಎಂಬುದನ್ನೂ ನೋಡಿ. 1,643 ಕಿಲೋಮೀಟರ್ ಉದ್ದದ ಮ್ಯಾನ್ಮಾರ್ ಗಡಿಯಲ್ಲಿ ಗುಡ್ಡಗಾಡಿನ ಜನ ಎರಡೂ ಬದಿ 16 ಕಿಲೋಮೀಟರ್‌ವರೆಗೆ ವೀಸಾ ಇಲ್ಲದೆ ಹೋಗಿಬರುತ್ತಿದ್ದರು. ಈ ಮುಕ್ತ ಸಂಚಾರವನ್ನು ರದ್ದುಪಡಿಸುವುದಾಗಿ 2024ರ ಫೆಬ್ರವರಿಯಲ್ಲಿ ಕೇಂದ್ರ ಪ್ರಕಟಿಸಿದಾಗ ಮಿಜೋರಾಂ ಮತ್ತು ನಾಗಾಲ್ಯಾಂಡ್ ವಿಧಾನಸಭೆಗಳು ವಿರೋಧ ನಿರ್ಣಯ ಅಂಗೀಕರಿಸಿದವು. ನಾಗಾಲ್ಯಾಂಡಿನ ಲೋಂಗ್ವಾ ಗ್ರಾಮದಲ್ಲಿ ಮುಖ್ಯಸ್ಥನ ಮನೆಯ ನಡುವೆಯೇ ಗಡಿರೇಖೆ ಹಾದುಹೋಗುತ್ತದೆ. ಮ್ಯಾನ್ಮಾರ್‌ನಲ್ಲಿ ನಡೆದ 2021ರ ಸೇನಾ ಕ್ಷಿಪ್ರಕ್ರಾಂತಿಯ ಬಳಿಕ ಅಲ್ಲಿಂದ ಓಡಿಬಂದ ಚಿನ್ ಜನರು ಮಿಜೋಗಳಿಗೆ ರಕ್ತಸಂಬಂಧಿಗಳು. ಕೊನೆಗೆ 2024ರ ವರ್ಷಾಂತ್ಯದಲ್ಲಿ ಜಾರಿಯಾದದ್ದು ಪೂರ್ಣ ನಿಷೇಧವಲ್ಲ, ಪಾಸ್ ಪಡೆದು 10 ಕಿಲೋಮೀಟರ್ ಒಳಗೆ ಓಡಾಡುವ ವ್ಯವಸ್ಥೆ. ಹೀಗಾಗಿ ಮ್ಯಾನ್ಮಾರ್ ಗಡಿಯ ಬಗ್ಗೆ ಮುಂದೆ ಯಾವುದೇ ಘೋಷಣೆ ಬಂದರೂ, ಈ ಎರಡು ರಾಜ್ಯಗಳ ರಾಜಧಾನಿಗಳಾದ ಐಜ್ವಾಲ್ ಮತ್ತು ಕೊಹಿಮಾದ ಪ್ರತಿಕ್ರಿಯೆ ತಿಳಿಯುವವರೆಗೆ ಅದನ್ನು ಅಂತಿಮವೆಂದು ಗುರುತು ಹಾಕಿಕೊಳ್ಳಬೇಡಿ.