ಬೇಸಿಗೆಯ ಖಿನ್ನತೆಯನ್ನು ನಾನು ನಿಭಾಯಿಸಿದ ಬಗೆ

ಬೇಸಿಗೆ ಆರಂಭವಾಗಿ ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ನನಗೆ ಮೊದಲು ನಿದ್ರೆ ಕೆಡುತ್ತಿತ್ತು, ಅನಂತರ ಹಸಿವು ಹೋಗುತ್ತಿತ್ತು, ಕೊನೆಗೆ ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದೆ ಒಳಗೊಳಗೇ ಚಡಪಡಿಕೆ ಶುರುವಾಗುತ್ತಿತ್ತು. ಪ್ರತಿ ವರ್ಷವೂ ಇದು ಇದೇ ಕ್ರಮದಲ್ಲಿ ಬರುತ್ತದೆ ಎಂಬುದನ್ನು ಅರಿಯಲು ನನಗೆ ಐದು ಬೇಸಿಗೆಗಳೇ ಬೇಕಾದವು. ಒಂದು ವರ್ಷ ಕೆಲಸದ ಒತ್ತಡ, ಮತ್ತೊಂದು ವರ್ಷ ಮನೆಯಲ್ಲಿ ಸಂಭವಿಸಿದ ಸಾವು, ಮಗದೊಂದು ವರ್ಷ ಗೆಳೆಯನೊಡನೆ ಆದ ಮನಸ್ತಾಪ, ಹೀಗೆ ಹೊಣೆ ಹೊರಿಸಲು ಏನಾದರೊಂದು ಸಿಗುತ್ತಿತ್ತು. ಕೊನೆಗೆ ಮನೋವೈದ್ಯರೊಬ್ಬರು, ಹಿಂದಿನ ಪ್ರತಿಯೊಂದು ಸಲವೂ ಇದು ಯಾವ ತಿಂಗಳಲ್ಲಿ ಆರಂಭವಾಗಿ ಯಾವ ತಿಂಗಳಲ್ಲಿ ಮುಗಿಯಿತು ಎಂದು ಬರೆದು ತರಲು ಹೇಳಿದರು. ನೆನಪು ಸಾಲದೆ ಹಳೆಯ ರಜಾ ಅರ್ಜಿಗಳನ್ನು ಹುಡುಕಿ ತೆಗೆದು ದಿನಾಂಕದ ಪ್ರಕಾರ ಮೇಜಿನ ಮೇಲೆ ಜೋಡಿಸಿದೆ. ಅನಾರೋಗ್ಯದ ಕಾರಣ ಕೊಟ್ಟು ಬರೆದಿದ್ದ ಹನ್ನೊಂದು ಅರ್ಜಿಗಳಲ್ಲಿ ಹತ್ತು ಬೇಸಿಗೆಯವೇ ಆಗಿದ್ದವು.

ಋತುಮಾನದ ಖಿನ್ನತೆ ಎಂದೊಡನೆ ಬಹುತೇಕರಿಗೆ ಹೊಳೆಯುವುದು ಚಳಿಗಾಲ. ಅಮೆರಿಕದಲ್ಲಿ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ಈ ತೊಂದರೆಯನ್ನು ವಿವರಿಸಿದಾಗಲೂ ಗಮನವಿದ್ದದ್ದು ಚಳಿಗಾಲದ ಮೇಲೆಯೇ. ಅದೇ ತಂಡದ ಥಾಮಸ್ ವೇರ್ ಮತ್ತಿತರರು 1987ರಲ್ಲಿ ಬೇಸಿಗೆಯಲ್ಲಿ ಮರುಕಳಿಸುವ ಖಿನ್ನತೆಯ ಬಗ್ಗೆಯೂ ಬರೆದರು. ಚಳಿಗಾಲದ ಬಗೆಯಲ್ಲಿ ಅತಿನಿದ್ರೆ, ಅತಿಹಸಿವು, ತೂಕದ ಏರಿಕೆ ಹೆಚ್ಚಾಗಿ ಕಂಡರೆ, ಬೇಸಿಗೆಯ ಬಗೆಯಲ್ಲಿ ನಿದ್ರಾಹೀನತೆ, ಹಸಿವಿಲ್ಲದಿರುವುದು, ತೂಕದ ಇಳಿಕೆ, ಕಿರಿಕಿರಿ, ತಳಮಳಗಳು ಮುಂದಾಗಿರುತ್ತವೆ. ಸೆಕೆಗೆ ಆಗುವ ಆಯಾಸಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ನಾನು ಇಲ್ಲಿ ಒತ್ತಿ ಹೇಳಬೇಕು. ಆಯಾಸವು ತಂಪಾದ ಜಾಗದಲ್ಲಿ ವಿಶ್ರಾಂತಿ ಪಡೆದರೆ ಇಳಿಯುತ್ತದೆ; ಎರಡು ವಾರಗಳ ಕಾಲ ಹೆಚ್ಚುಕಡಿಮೆ ಪ್ರತಿದಿನವೂ ಮಂಕು ಕವಿದಿದ್ದು, ಇಷ್ಟದ ಸಂಗತಿಗಳೂ ಬೇಡವಾದರೆ ಅದನ್ನು ಸೆಕೆಯ ಲೆಕ್ಕಕ್ಕೆ ಬರೆದು ಸುಮ್ಮನಿರಬಾರದು.

ನನ್ನ ಮಟ್ಟಿಗೆ ಎಲ್ಲದರ ಬೇರು ನಿದ್ರೆಯಲ್ಲಿತ್ತು. ನಿದ್ರೆ ಬರಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು, ಕೈಕಾಲುಗಳ ಚರ್ಮದ ಮೂಲಕ ಶಾಖ ಹೊರಹೋಗಬೇಕು. ಕೋಣೆಯೇ ಕಾದಿದ್ದರೆ ಆ ಶಾಖ ಹೋಗಲು ದಾರಿ ಇರುವುದಿಲ್ಲ. ಇದು ತಿಳಿಯುವ ಮುನ್ನ ನಾನು ನಡುರಾತ್ರಿ ಎರಡು ಗಂಟೆಗೆ ದಿಂಬನ್ನು ಮಗುಚಿ ತಂಪಾದ ಬದಿಗೆ ಕೆನ್ನೆಯಿಟ್ಟು, ಅದೂ ಬಿಸಿಯಾದ ಮೇಲೆ ಎದ್ದು ನೆಲದ ಮೇಲೆ ಮಲಗಿ, ಬೆಳಗಾಗುವುದನ್ನೇ ಕಾಯುತ್ತಾ, ಇನ್ನೊಂದು ಹಗಲನ್ನು ಹೇಗೆ ಕಳೆಯಲಿ ಎಂದು ಹೆದರುತ್ತಿದ್ದೆ. ಈಗ ಹಗಲು ಹೊತ್ತಿನಲ್ಲಿ ಕಿಟಕಿ ಪರದೆಗಳನ್ನು ಮುಚ್ಚಿ, ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲಷ್ಟೇ ತೆರೆಯುತ್ತೇನೆ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡುತ್ತೇನೆ. ಸೆಕೆಯಲ್ಲಿ ಬೆಚ್ಚಗಿನ ನೀರೇ ಎಂದು ಮೊದಲು ನನಗೂ ಅನುಮಾನವಿತ್ತು. ಆದರೆ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಹಾಕಲು ನೆರವಾಗುತ್ತದೆ.

ಎರಡನೆಯದು ಬೆಳಕು. ಸಂಜೆ ತಡವಾಗಿ ಕಣ್ಣಿಗೆ ಬೀಳುವ ಪ್ರಖರ ಬೆಳಕು, ದೇಹವನ್ನು ನಿದ್ರೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವುದನ್ನು ತಡೆದು, ನಿದ್ರೆಯ ಹೊತ್ತು ತಡವಾಗುವಂತೆ ದೇಹದ ಗಡಿಯಾರವನ್ನು ನಿಧಾನಿಸುತ್ತದೆ. ಆದ್ದರಿಂದ ರಾತ್ರಿ ಊಟದ ನಂತರ ಮನೆಯಲ್ಲಿ ಒಂದೇ ಮಂದ ದೀಪವಿರುವಂತೆ ನೋಡಿಕೊಂಡೆ. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿದರೂ ಅದರ ಅಂಚಿನಿಂದ ಬೆರಳಗಲದ ಬೆಳಕಿನ ಪಟ್ಟಿಯೊಂದು ಮುಂಜಾನೆ ನೇರವಾಗಿ ನನ್ನ ಮುಖದ ಮೇಲೆ ಬೀಳುತ್ತಿತ್ತು. ಪರದೆಯ ಎರಡೂ ಅಂಚುಗಳಿಗೆ ಕಪ್ಪು ಬಟ್ಟೆ ಸೇರಿಸಿ ಹೊಲಿದು ಗೋಡೆಗೆ ಅಂಟಿಸಿದ ವಾರದಿಂದ ಏಳುವ ಹೊತ್ತು ಮುಕ್ಕಾಲು ಗಂಟೆ ಮುಂದಕ್ಕೆ ಹೋಯಿತು. ಹಾಗೆಂದು ನಾನು ಇಡೀ ದಿನ ಕತ್ತಲಲ್ಲಿ ಕೂರುವುದಿಲ್ಲ. ಹಿಂದೊಂದು ಬೇಸಿಗೆಯಲ್ಲಿ ಹಾಗೆ ಮಾಡಿ, ಯಾರ ಮುಖವನ್ನೂ ನೋಡದೆ ಇನ್ನಷ್ಟು ಕುಸಿದಿದ್ದೆ. ಬಿಸಿಲೇರುವ ಮುನ್ನ ಅರ್ಧ ಗಂಟೆ ನಡೆಯುತ್ತೇನೆ, ಮುಖ್ಯ ಕೆಲಸಗಳನ್ನು ಅದಾದ ಕೂಡಲೇ ಮುಗಿಸುತ್ತೇನೆ. ಹಸಿವಿಗಾಗಿ ಕಾಯದೆ, ಗಡಿಯಾರ ನೋಡಿ ಸ್ವಲ್ಪ ಸ್ವಲ್ಪವಾಗಿ ಊಟ ಮಾಡುತ್ತೇನೆ.

ಇವೆಲ್ಲವೂ ಚಿಕಿತ್ಸೆಗೆ ಒತ್ತಾಸೆಯೇ ಹೊರತು ಚಿಕಿತ್ಸೆಗೆ ಬದಲಿಯಲ್ಲ. ನಾನು ಮಾತ್ರೆಯನ್ನೂ ತೆಗೆದುಕೊಂಡಿದ್ದೇನೆ, ಆಪ್ತಸಮಾಲೋಚನೆಗೂ ಹೋಗಿದ್ದೇನೆ. ಮನೋರೋಗದ ಕೆಲವು ಔಷಧಿಗಳಿಗೂ ಸೆಕೆಗೂ ಸಂಬಂಧವಿದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ: ಮನಸ್ಥಿತಿಯ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂ ಎಂಬ ಔಷಧಿ ಸೇವಿಸುವವರ ದೇಹದಲ್ಲಿ ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು, ಇನ್ನು ಕೆಲವು ಔಷಧಿಗಳು ಬೆವರುವಿಕೆಯನ್ನೇ ಹೆಚ್ಚಿಸುತ್ತವೆ ಇಲ್ಲವೇ ತಗ್ಗಿಸುತ್ತವೆ. ಬೇಸಿಗೆಗೆ ಮೊದಲೇ ವೈದ್ಯರನ್ನು ಕಂಡು ಇದನ್ನು ಕೇಳಿ ತಿಳಿಯಬೇಕು, ತಾನಾಗಿಯೇ ಮಾತ್ರೆ ನಿಲ್ಲಿಸಬಾರದು. ಸಾಯಬೇಕೆಂಬ ಯೋಚನೆ ಬಂದರಂತೂ ಋತು ಬದಲಾಗಲಿ ಎಂದು ಒಂದು ದಿನವೂ ಕಾಯಬಾರದು. ತಳಮಳ ಮತ್ತು ನಿದ್ರೆಯಿಲ್ಲದ ರಾತ್ರಿಗಳ ಜೊತೆಗೆ ಆ ಯೋಚನೆ ಸೇರಿದಾಗ ಅದೆಷ್ಟು ಬಲವಾಗಿರುತ್ತದೆ ಎಂಬುದನ್ನು ಕಂಡು ಬಲ್ಲೆನಾದ್ದರಿಂದ ಈ ಮಾತು ಹೇಳುತ್ತಿದ್ದೇನೆ. ಆ ಕ್ಷಣದಲ್ಲಿ ಒಬ್ಬರೇ ಇರದೆ ಹತ್ತಿರದವರನ್ನು ಕರೆಯಿರಿ, ಆಸ್ಪತ್ರೆಗೆ ಹೋಗಿ.

ನನಗೆ ಅತಿ ಹೆಚ್ಚು ಉಪಯೋಗವಾದದ್ದು ಚಳಿಗಾಲದಲ್ಲಿ, ಮನಸ್ಸು ತಿಳಿಯಾಗಿದ್ದಾಗ ಬರೆದಿಟ್ಟ ಒಂದು ಚೀಟಿ. ಕುಸಿತ ಆರಂಭವಾದ ಮೇಲೆ ‘ನನಗೇನೂ ಆಗಿಲ್ಲ, ಸೋಮಾರಿತನ ಅಷ್ಟೆ’ ಎಂದು ನಂಬಿಸುವುದು ಈ ಕಾಯಿಲೆಯ ಸ್ವಭಾವ. ಆದ್ದರಿಂದ ತೀರ್ಮಾನವನ್ನು ಆಗಿನ ನನ್ನ ಕೈಗೆ ಬಿಡಬಾರದೆಂದು ನಿಶ್ಚಯಿಸಿದೆ. ಸತತ ಮೂರು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ರೆಯಾದರೆ, ಅಥವಾ ಹದಿನೈದು ದಿನಕ್ಕೊಮ್ಮೆ ನಾನು ತುಂಬುವ, ಖಿನ್ನತೆಯ ತೀವ್ರತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ 27ಕ್ಕೆ 10 ಅಂಕ ಮುಟ್ಟಿದರೆ, ನನ್ನನ್ನು ಕೇಳದೆಯೇ ವೈದ್ಯರ ಸಮಯ ಗೊತ್ತುಪಡಿಸಬೇಕು ಎಂದು ಬರೆದು ಅಕ್ಕನ ಕೈಗೆ ಕೊಟ್ಟೆ. ಕಳೆದ ಬೇಸಿಗೆಯಲ್ಲಿ ಪ್ರಶ್ನಾವಳಿಯ ಮೊತ್ತ 12 ಬಂತು. ಮುಂದಿನ ವಾರ ನೋಡೋಣ ಎಂದು ನಾನು ಅಂದಾಗ ಅಕ್ಕ ಕಪಾಟಿನಿಂದ ಆ ಚೀಟಿ ತಂದು ನನ್ನ ಮುಂದಿಟ್ಟು, "ಇದು ನಿನ್ನದೇ ಅಕ್ಷರ ತಾನೇ? ನಾನು ಫೋನ್ ಮಾಡುತ್ತಿದ್ದೇನೆ, ನೀನು ಎದ್ದು ಮುಖ ತೊಳೆದುಕೋ" ಎಂದಳು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ನಾವಿಬ್ಬರೂ ವೈದ್ಯರ ಮುಂದಿದ್ದೆವು.