ಹೋಮ್ ಥಿಯೇಟರ್ ಪಿಸಿಯ ಸ್ಲೀಪ್ ತಕರಾರು: ನಾನು ಹುಡುಕುವ ದಾರಿ

"ಸ್ಲೀಪ್ ಸರಿಯಿಲ್ಲ" ಎಂಬ ಒಂದೇ ದೂರಿನೊಳಗೆ ನಾಲ್ಕು ಬೇರೆ ಬೇರೆ ರೋಗಗಳಿರುತ್ತವೆ. ಪಿಸಿ ಮಲಗುವುದೇ ಇಲ್ಲ; ಮಲಗಿದ್ದು ತಾನಾಗಿ ಎದ್ದುಬಿಡುತ್ತದೆ; ರಿಮೋಟ್ ಒತ್ತಿದರೂ ಏಳುವುದಿಲ್ಲ; ಎದ್ದರೂ ಚಿತ್ರವೋ ಧ್ವನಿಯೋ ಬರುವುದಿಲ್ಲ. ಯಾವುದು ಎಂದು ಗೊತ್ತಾಗುವ ಮೊದಲೇ ಪವರ್ ಆಪ್ಷನ್ಸ್‌ಗೆ ಹೋಗಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಬದಲಿಸಿದರೆ, ಆಮೇಲೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಹೇಳುವವರೇ ಇರುವುದಿಲ್ಲ. ಹಾಗಾಗಿ ನಾನು ಮೊದಲು ಯಂತ್ರವನ್ನೇ ಕೇಳುತ್ತೇನೆ, ಆಮೇಲೆ ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಮುಟ್ಟುತ್ತೇನೆ.

ವಿಂಡೋಸ್‌ನಲ್ಲಿ ಕೇಳುವ ಸಾಧನ ಪವರ್ ಸಿಎಫ್‌ಜಿ (powercfg) ಎಂಬ ಕಮಾಂಡ್. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಈ ಹೆಸರಿನ ನಂತರ ಸ್ಲ್ಯಾಶ್ ಹಾಕಿ 'ಎ' ಎಂದು ಕೊಟ್ಟರೆ (powercfg /a) ಆ ಪಿಸಿಗೆ ಯಾವ ಬಗೆಯ ಸ್ಲೀಪ್ ಲಭ್ಯ ಎಂಬ ಪಟ್ಟಿ ಬರುತ್ತದೆ. ಎಸ್3 ಇದ್ದರೆ ಹಳೆಯ ಪದ್ಧತಿ: ರ‍್ಯಾಮ್‌ಗೆ ಮತ್ತು ಎಬ್ಬಿಸುವ ಸಾಧನಗಳಿಗೆ ಮಾತ್ರ ಕರೆಂಟು, ಉಳಿದದ್ದೆಲ್ಲ ಬಂದ್. ಎಸ್0 ಲೋ ಪವರ್ ಐಡಲ್ ಎಂದಿದ್ದರೆ ಮಾಡರ್ನ್ ಸ್ಟ್ಯಾಂಡ್‌ಬೈ. ಅದು ಪೂರ್ತಿ ಮಲಗುವುದಿಲ್ಲ, ಒಂದು ಕಣ್ಣು ತೆರೆದೇ ಇರುತ್ತದೆ. ಅಂಥದ್ದರಲ್ಲಿ ಸ್ಲೀಪ್ ಸ್ಟಡಿ ವರದಿ ತೆಗೆದು, ಮಲಗಿದ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದದ್ದು ಯಾವುದು ಎಂದು ನೋಡಬೇಕು. ಎಸ್3 ಇರಬೇಕಾದ ಪಿಸಿಯಲ್ಲಿ ಅದು ಕಾಣದಿದ್ದರೆ ಗ್ರಾಫಿಕ್ಸ್ ಡ್ರೈವರ್ ಪರೀಕ್ಷಿಸಿ. ಮೈಕ್ರೋಸಾಫ್ಟ್‌ನ ಬೇಸಿಕ್ ಡಿಸ್‌ಪ್ಲೇ ಡ್ರೈವರ್ ಮೇಲೆ ಓಡುತ್ತಿರುವ ಪಿಸಿಗೆ ಸ್ಲೀಪ್ ಸಿಗುವುದಿಲ್ಲ.

ಮಲಗದ ಪಿಸಿಗೆ ಇದೇ ಕಮಾಂಡಿನಲ್ಲಿ ಕೇಳುವ ಪ್ರಶ್ನೆ 'ರಿಕ್ವೆಸ್ಟ್ಸ್' (powercfg /requests); ಮುಂದೆ ಬರುವ ಪ್ರಶ್ನೆಗಳೂ ಹೀಗೆಯೇ. ಡಿಸ್‌ಪ್ಲೇ, ಸಿಸ್ಟಮ್, ಅವೇಮೋಡ್ ಎಂಬ ತಲೆಬರಹಗಳ ಕೆಳಗೆ ಯಾರು ಎಚ್ಚರ ಹಿಡಿದಿಟ್ಟಿದ್ದಾರೆ ಎಂಬುದು ಬರುತ್ತದೆ. ಥಿಯೇಟರ್ ಪಿಸಿಯಲ್ಲಿ ಎರಡು ಹೆಸರು ಪದೇ ಪದೇ ಸಿಗುತ್ತವೆ. ಒಂದು ಆಡಿಯೋ ಡ್ರೈವರ್, ಆಡಿಯೋ ಸ್ಟ್ರೀಮ್ ಬಳಕೆಯಲ್ಲಿದೆ ಎಂಬ ಸಾಲಿನ ಜೊತೆ. ಸಿನಿಮಾ ಪಾಜ್ ಮಾಡಿ ಎದ್ದುಹೋದರೂ ಪ್ಲೇಯರ್ ಧ್ವನಿ ಸಾಧನವನ್ನು ಬಿಟ್ಟುಕೊಟ್ಟಿರುವುದಿಲ್ಲ. ಕೋಡಿ ಎಂಬ ಪ್ಲೇಯರಿನಲ್ಲಿ ಆಡಿಯೋ ಸಾಧನವನ್ನು ಜೀವಂತವಾಗಿಡುವ ಆಯ್ಕೆ ಇದೆ. ಅದು 'ಯಾವಾಗಲೂ' ಎಂದಿದ್ದರೆ ಒಂದು ನಿಮಿಷಕ್ಕೆ ಇಳಿಸಿ. ಇನ್ನೊಂದು ಎಸ್ಆರ್‌ವಿನೆಟ್: ಬೇರೆ ಕೋಣೆಯ ಟಿವಿಯೋ ಫೋನೋ ಈ ಪಿಸಿಯ ಹಂಚಿದ ಫೋಲ್ಡರನ್ನು ತೆರೆದುಕೊಂಡಿದೆ ಎಂದರ್ಥ.

ಇವನ್ನು 'ರಿಕ್ವೆಸ್ಟ್ಸ್ ಓವರ್‌ರೈಡ್' ಹಾಕಿ ಬಾಯಿ ಮುಚ್ಚಿಸಬಹುದು. ಅಂತರ್ಜಾಲದಲ್ಲಿ ಎಲ್ಲರೂ ಕೊಡುವ ಸಲಹೆಯೂ ಅದೇ. ನನಗೆ ಇಷ್ಟವಿಲ್ಲ. ಎಸ್ಆರ್‌ವಿನೆಟ್‌ಗೆ ಓವರ್‌ರೈಡ್ ಹಾಕಿದರೆ ಒಳಕೋಣೆಯಲ್ಲಿ ಯಾರೋ ಸಿನಿಮಾ ನೋಡುತ್ತಿರುವಾಗಲೇ ಪಿಸಿ ಮಲಗುತ್ತದೆ. ಆಡಿಯೋ ಡ್ರೈವರ್‌ಗೆ ಹಾಕಿದರೆ ಹಾಡು ನಡುವೆಯೇ ನಿಲ್ಲಬಹುದು. ಕಾರಣವಾದ ಪ್ರೋಗ್ರಾಮನ್ನು ಹುಡುಕಿ ಸರಿಪಡಿಸಿ, ಅದು ಸಾಧ್ಯವೇ ಇಲ್ಲ ಎಂದಾದ ಮೇಲೆ ಓವರ್‌ರೈಡ್ ಕಡೆ ಹೋಗಿ. ಪಟ್ಟಿ ಪೂರ್ತಿ ಖಾಲಿಯಿದ್ದೂ ಮಲಗದಿದ್ದರೆ ಇನ್‌ಪುಟ್ ಸಾಧನದ ಮೇಲೆ ಅನುಮಾನ ಪಡಬೇಕು. ಗಾಜಿನ ಮೇಜಿನ ಮೇಲಿಟ್ಟ ಆಪ್ಟಿಕಲ್ ಮೌಸ್‌ನ ಕರ್ಸರ್ ಸಣ್ಣಗೆ ನಡುಗುತ್ತಿದ್ದರೂ ಐಡಲ್ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ವೈರ್‌ಲೆಸ್ ರಿಸೀವರ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವುದೇ ಇದಕ್ಕೆ ಪರೀಕ್ಷೆ.

ತಾನಾಗಿ ಏಳುವ ಪಿಸಿಗೆ 'ಲಾಸ್ಟ್‌ವೇಕ್' ಕೇಳಿ. ಹಿಂದಿನ ದಿನಗಳದ್ದು ಬೇಕಿದ್ದರೆ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಪವರ್ ಟ್ರಬಲ್‌ಶೂಟರ್ ಬರೆದಿಟ್ಟ 1ನೇ ನಂಬರಿನ ದಾಖಲೆಗಳಿವೆ. ಮಲಗಿದ ಹೊತ್ತು, ಎದ್ದ ಹೊತ್ತು, ಎಬ್ಬಿಸಿದವರು ಮೂರೂ ಅಲ್ಲೇ ಸಿಗುತ್ತವೆ. ನೆಟ್‌ವರ್ಕ್ ಕಾರ್ಡ್ ಎಂದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ತೆರೆದು, ಮ್ಯಾಜಿಕ್ ಪ್ಯಾಕೆಟ್‌ಗೆ (ಪಿಸಿಯನ್ನು ಎಬ್ಬಿಸಲೆಂದೇ ಕಳಿಸುವ ಸಂದೇಶ) ಮಾತ್ರ ಏಳುವಂತೆ ಟಿಕ್ ಹಾಕಿ, ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಪ್ಯಾಟರ್ನ್ ಮ್ಯಾಚ್ ಆಫ್ ಮಾಡಿ. ಇಲ್ಲದಿದ್ದರೆ ಮನೆಯ ನೆಟ್‌ವರ್ಕಿನ ಸಾಮಾನ್ಯ ವಿಚಾರಣೆಯೂ ಪಿಸಿಯನ್ನು ಎಬ್ಬಿಸುತ್ತದೆ. ಮೌಸ್‌ಗೆ ಎಬ್ಬಿಸುವ ಹಕ್ಕು ಬೇಡವೇ ಬೇಡ, ರಿಮೋಟಿನ ರಿಸೀವರ್‌ಗೆ ಇದ್ದರೆ ಸಾಕು. ಟೈಮರ್ ಎಂದಿದ್ದರೆ 'ವೇಕ್‌ಟೈಮರ್ಸ್' ಕೊಟ್ಟು ಯಾವ ಟಾಸ್ಕ್ ಎಂದು ನೋಡಿ. ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಪಿಸಿಯಲ್ಲಿ ವೇಕ್ ಟೈಮರ್‌ಗಳನ್ನು ಸಾರಾಸಗಟಾಗಿ ಬಂದ್ ಮಾಡಿದರೆ ರೆಕಾರ್ಡಿಂಗ್ ತಪ್ಪುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಬೇಡದ ಆ ಒಂದು ಟಾಸ್ಕಿಗೆ ಪಿಸಿಯನ್ನು ಎಬ್ಬಿಸಲು ಬಿಡುವ ಟಿಕ್ ತೆಗೆಯಿರಿ.

ಇಲ್ಲೇ ಇನ್ನೊಂದು ಗೊಂದಲ ಹುಟ್ಟುತ್ತದೆ: ಪಿಸಿ ಎದ್ದ ಎರಡೇ ನಿಮಿಷಕ್ಕೆ ಮತ್ತೆ ಮಲಗುತ್ತದೆ. ಕೀಬೋರ್ಡ್ ಅಥವಾ ಮೌಸ್ ಮುಟ್ಟದೆ, ಟೈಮರಿನಿಂದಲೋ ನೆಟ್‌ವರ್ಕಿನಿಂದಲೋ ಎದ್ದಾಗ ನಾವಿಟ್ಟ ಸ್ಲೀಪ್ ಅವಧಿ ಲೆಕ್ಕಕ್ಕೆ ಬರುವುದಿಲ್ಲ. ಅನ್‌ಅಟೆಂಡೆಡ್ ಸ್ಲೀಪ್ ಟೈಮ್‌ಔಟ್ ಎಂಬ ಬೇರೊಂದು ಸೆಟ್ಟಿಂಗ್ ಇದೆ. ಅದರ ಮೂಲ ಅವಧಿ 2 ನಿಮಿಷ, ಪವರ್ ಆಪ್ಷನ್ಸ್‌ನಲ್ಲಿ ಕಾಣುವುದೂ ಇಲ್ಲ. ಪವರ್ ಸಿಎಫ್‌ಜಿಯ 'ಆಟ್ರಿಬ್ಯೂಟ್ಸ್' ಬಳಸಿ ಅದನ್ನು ಹೊರತಂದು 20 ನಿಮಿಷಕ್ಕೆ ಏರಿಸಿ.

ರಿಮೋಟಿಗೆ ಏಳದಿದ್ದರೆ ಮೊದಲು ಕಣ್ಣಿನಿಂದಲೇ ನೋಡಿ. ಪಿಸಿ ಮಲಗಿರುವಾಗ ಯುಎಸ್‌ಬಿ ರಿಸೀವರಿನ ದೀಪ ಉರಿಯುತ್ತಿದೆಯೇ? ರಿಸೀವರಿಗೆ ದೀಪವೇ ಇಲ್ಲದಿದ್ದರೆ ಅದೇ ಪೋರ್ಟಿಗೆ ಆಪ್ಟಿಕಲ್ ಮೌಸ್ ಚುಚ್ಚಿ, ಹೊಟ್ಟೆಯಡಿಯ ಕೆಂಪು ಬೆಳಕು ನೋಡಿ. ಪೂರ್ತಿ ಕತ್ತಲಾದರೆ ಪೋರ್ಟಿಗೆ ಸ್ಟ್ಯಾಂಡ್‌ಬೈ ಕರೆಂಟು ಬಹುಶಃ ಬರುತ್ತಿಲ್ಲ. ಡ್ರೈವರ್ ಎಷ್ಟು ಬದಲಿಸಿದರೂ ವ್ಯರ್ಥ. ಬಯೋಸ್‌ನಲ್ಲಿ ಇಆರ್‌ಪಿ (ErP) ಎಂಬ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಸ್ಟ್ಯಾಂಡ್‌ಬೈ ಖರ್ಚು ಇಳಿಸಲೆಂದು ಅದು ಇಂಥ ಪೋರ್ಟುಗಳ ಕರೆಂಟು ಕಡಿಯುವುದುಂಟು, ಆದರೆ ಹೆಚ್ಚಿನ ಬೋರ್ಡುಗಳಲ್ಲಿ ಪಿಸಿ ಪೂರ್ತಿ ಆಫ್ ಆದಾಗ ಮಾತ್ರ. ಹಳೆಯ ಮದರ್‌ಬೋರ್ಡುಗಳಲ್ಲಿ ಇದಕ್ಕೇ ಜಂಪರ್ ಇರುತ್ತಿತ್ತು. ಪೋರ್ಟ್ ಬದಲಿಸುವಾಗ ಚಿಪ್‌ಸೆಟ್‌ಗೇ ಸೇರಿದ ಹಿಂಬದಿ ಪೋರ್ಟ್ ಹಿಡಿಯಿರಿ, ಪ್ರತ್ಯೇಕ ಕಂಟ್ರೋಲರಿನದ್ದು ಬೇಡ.

ಫ್ಯಾನ್ ತಿರುಗಿ ನಿಂತುಬಿಟ್ಟರೆ, ಅಥವಾ ಸ್ಲೀಪಿನಿಂದ ಏಳುವ ಬದಲು ಮೊದಲಿನಿಂದ ಬೂಟ್ ಆದರೆ ಪವರ್ ಸಪ್ಲೈ ಕಡೆ ತಿರುಗಬೇಕು. ಲಾಗ್‌ನಲ್ಲಿ ಕರ್ನಲ್ ಪವರ್ 41 ಎಂಬ ದಾಖಲೆ ಸಿಗುತ್ತದೆ. ಅದು ಪಿಸಿ ಸರಿಯಾಗಿ ಮುಚ್ಚಲಿಲ್ಲ ಎಂದಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ, ಕೆಂಪು ಕಡ್ಡಿಯನ್ನು 24 ಪಿನ್ ಕನೆಕ್ಟರಿನ 9ನೇ ಪಿನ್ನಿಗೆ, ಹಿಂಬದಿಯಿಂದ ತೂರಿಸಿ ಹಿಡಿಯಿರಿ. ಅದು ಪಿಸಿ ಮಲಗಿದಾಗಲೂ ಕರೆಂಟು ಕೊಡುವ 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನ್, ಸಾಮಾನ್ಯವಾಗಿ ಆ ವೈರ್ ನೇರಳೆ ಬಣ್ಣದ್ದು. 4.75ರಿಂದ 5.25 ವೋಲ್ಟ್ ಒಳಗಿರಬೇಕು. ಪಿಸಿ ಆಫ್ ಇದ್ದಾಗ ಅಳೆದು ಸಮಾಧಾನ ಪಡಬೇಡಿ: ಎಸ್3ರಲ್ಲಿ ರ‍್ಯಾಮ್, ಯುಎಸ್‌ಬಿ, ನೆಟ್‌ವರ್ಕ್ ಎಲ್ಲವೂ ಇದೊಂದೇ ಲೈನನ್ನು ನಂಬಿಕೊಂಡಿರುತ್ತವೆ, ಕುಸಿತ ಆಗಲೇ ಕಾಣುವುದು. ಕುಸಿದರೆ ರ‍್ಯಾಮ್‌ನಲ್ಲಿದ್ದದ್ದು ಹೋಯಿತು. ಕೆಪಾಸಿಟರ್ ಒಣಗಿದ ಹಳೆಯ ಸಪ್ಲೈಯನ್ನು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ, ಬದಲಿಸಿ.

ಸಣ್ಣ ಕ್ಯಾಬಿನೆಟ್ಟಿನಲ್ಲಿ ದೊಡ್ಡ ಪವರ್ ಸಪ್ಲೈ ಬದಲು 80 ವ್ಯಾಟ್‌ನ ಪುಟ್ಟ ಡಿಸಿ ಬೋರ್ಡ್, ಹೊರಗೊಂದು ಅಡಾಪ್ಟರ್ ಇಟ್ಟವರು ಹಾರ್ಡ್‌ಡಿಸ್ಕ್ ಲೆಕ್ಕ ಹಾಕಬೇಕು. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಅಂದರೆ 24 ವ್ಯಾಟ್. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ ಡಿಸ್ಕುಗಳಿಗೇ 96 ವ್ಯಾಟ್. ಸಿನಿಮಾ ಓಡುವಾಗ ಇದೇ ಪಿಸಿ ಅದರ ಅರ್ಧವನ್ನೂ ಬಳಸದಿರಬಹುದು, ಅದಕ್ಕೇ ಈ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದನ್ನು ಬಿಟ್ಟು ಉಳಿದ ಡಿಸ್ಕುಗಳ ಪವರ್ ಕೇಬಲ್ ತೆಗೆದು ಎಬ್ಬಿಸಿದರೆ ಗೊತ್ತಾಗುತ್ತದೆ. ಹಾಗೆಯೇ ರ‍್ಯಾಮ್‌ನ ಎಕ್ಸ್‌ಎಂಪಿ ಪ್ರೊಫೈಲ್ (ವೇಗ ಹೆಚ್ಚಿಸುವ ಬಯೋಸ್ ಸೆಟ್ಟಿಂಗ್) ಆಫ್ ಮಾಡಿಯೂ ಒಮ್ಮೆ ನೋಡಿ. ಬೂಟ್‌ನಲ್ಲಿ ತಕರಾರು ಮಾಡದ ರ‍್ಯಾಮ್ ಸ್ಲೀಪಿನಿಂದ ಏಳುವಾಗ ಮಾಡುವುದುಂಟು. ರಾತ್ರಿ ಗೋಡೆಯ ಸ್ವಿಚ್ಚೇ ಆರಿಸುವ ಮನೆಯಾದರೆ ಹೈಬ್ರಿಡ್ ಸ್ಲೀಪ್ ಆನ್ ಇಡಿ, ಇಲ್ಲವೇ ಹೈಬರ್ನೇಟ್ ಬಳಸಿ; ಎರಡರಲ್ಲೂ ಕೆಲಸದ ಸ್ಥಿತಿ ಡಿಸ್ಕಿನಲ್ಲಿ ಉಳಿಯುತ್ತದೆ.

ಚಿತ್ರವೂ ಧ್ವನಿಯೂ ಇಲ್ಲದೆ ಏಳುವುದಕ್ಕೆ ಹೆಚ್ಚಾಗಿ ಎಚ್‌ಡಿಎಂಐ ಕಾರಣ. ಎದುರಿನ ಸಾಧನ ಏನೇನು ತೋರಿಸಬಲ್ಲದು ಎಂಬ ಇಡಿಐಡಿ ಮಾಹಿತಿಯನ್ನು ಗ್ರಾಫಿಕ್ಸ್ ಕಾರ್ಡ್ ಓದುವ ಹೊತ್ತಿಗೆ ಟಿವಿಯಾಗಲಿ ಸ್ಪೀಕರುಗಳನ್ನು ನಡೆಸುವ ಎವಿ ರಿಸೀವರಾಗಲಿ ಎದ್ದಿಲ್ಲದಿದ್ದರೆ ರೆಸಲ್ಯೂಷನ್ ಕುಸಿಯುತ್ತದೆ, ಎಚ್‌ಡಿಎಂಐ ಆಡಿಯೋ ಪಟ್ಟಿಯಿಂದಲೇ ಮಾಯವಾಗುತ್ತದೆ. ಟಿವಿ, ರಿಸೀವರ್, ಕೊನೆಗೆ ಪಿಸಿ, ಈ ಕ್ರಮದಲ್ಲಿ ಆನ್ ಮಾಡಿದಾಗ ಸರಿಯಾದರೆ ಕಾರಣ ಖಚಿತ. ತಾತ್ಕಾಲಿಕವಾಗಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಗಳ ಜೊತೆ 'ಬಿ' ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಕಾಯಂ ಪರಿಹಾರಕ್ಕೆ ನಡುವೆ ಇಡಿಐಡಿ ಎಮ್ಯುಲೇಟರ್ ಹಾಕಬಹುದು, ಆದರೆ ಅದು ನಿಮ್ಮ ಟಿವಿಯ 4ಕೆ ಮತ್ತು ಎಚ್‌ಡಿಆರ್ ದಾಟಿಸುವಂಥದ್ದೇ ಆಗಿರಬೇಕು.

ಲಿನಕ್ಸ್‌ನಲ್ಲಿ ಸಿಸ್ ಡೈರೆಕ್ಟರಿಯ ಪವರ್ ಒಳಗಿನ ಮೆಮ್ ಸ್ಲೀಪ್ ಫೈಲು ಓದಿದರೆ 'ಡೀಪ್' ಆಯ್ಕೆಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ಎಸ್3 ಅಂದರೆ ಅದೇ. ಎಬ್ಬಿಸುವ ಹಕ್ಕುಗಳು ಪ್ರಾಕ್ ಡೈರೆಕ್ಟರಿಯ ಎಸಿಪಿಐ ವೇಕಪ್ ಫೈಲಿನಲ್ಲಿವೆ, ಅಲ್ಲಿ ಮಾಡಿದ ಬದಲಾವಣೆ ರೀಬೂಟ್ ಆದರೆ ಅಳಿಸಿಹೋಗುವುದರಿಂದ ಬೂಟ್ ಆದಾಗಲೆಲ್ಲ ಅದನ್ನು ಮತ್ತೆ ಹಾಕುವ ಸಿಸ್ಟಮ್‌ಡಿ ಸರ್ವಿಸ್ ಬರೆದಿಡಬೇಕು. ಪರೀಕ್ಷೆಗೆ ಆರ್‌ಟಿಸಿವೇಕ್ (rtcwake) ಕಮಾಂಡ್ ಒಳ್ಳೆಯದು: 60 ಸೆಕೆಂಡ್ ಮಲಗಿಸಿ ತಾನೇ ಎಬ್ಬಿಸುತ್ತದೆ, ಲೂಪ್‌ನಲ್ಲಿ ಹಾಕಿಬಿಡಬಹುದು. ಆದರೆ ಡಿಸ್ಕ್ ಮತ್ತು ಪವರ್ ಸಪ್ಲೈ ಮೇಲೆ ಅನುಮಾನವಿದ್ದರೆ ಒಂದು ನಿಮಿಷದ ಪರೀಕ್ಷೆಯನ್ನು ನಂಬಬೇಡಿ, ರಾತ್ರಿಯಿಡೀ ಮಲಗಿಸಿ ಬೆಳಿಗ್ಗೆ ಪೂರ್ತಿ ತಣ್ಣಗಿರುವಾಗ ಎಬ್ಬಿಸಿ ನೋಡಿ.